ಪಾಲುದಾರರ ವ್ಯಾಜ್ಯ: ಲೆಕ್ಕ ಕೇಳುವ ಹಕ್ಕು, ಅದನ್ನು ಪಡೆಯುವ ದಾರಿಗಳು

ಎಲ್ಲರೂ ಸೇರಿ, ಅಥವಾ ಎಲ್ಲರ ಪರವಾಗಿ ಕೆಲವರು ನಡೆಸುವ ವ್ಯಾಪಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರ ನಡುವಿನ ಸಂಬಂಧಕ್ಕೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 4ನೇ ಕಲಂ ಪಾಲುದಾರಿಕೆ ಎಂದು ಹೆಸರಿಡುತ್ತದೆ. ಅದಕ್ಕೂ ಮೊದಲು ಈ ವಿಷಯ 1872ರ ಕರಾರು ಕಾಯ್ದೆಯ ಒಂದು ಅಧ್ಯಾಯವಾಗಿತ್ತು. ಕಾಯ್ದೆ ಬಳಸುವ ‘ಸಂಬಂಧ’ ಎಂಬ ಪದದಲ್ಲೇ ಮುಂದಿನ ಎಲ್ಲ ಪರಿಹಾರಗಳ ಬೇರು ಇದೆ. ಬೋರ್ಡಿನ ಮೇಲೆ ಬರೆದ ಫರ್ಮಿನ ಹೆಸರಿಗೆ ಪಾಲುದಾರರಿಂದ ಬೇರೆಯಾದ ಕಾನೂನುಬದ್ಧ ವ್ಯಕ್ತಿತ್ವ ಇಲ್ಲ. ಆ ಹೆಸರು ಪಾಲುದಾರರೆಲ್ಲರನ್ನೂ ಒಟ್ಟಾಗಿ ಕರೆಯುವ ಒಂದು ಅನುಕೂಲ ಅಷ್ಟೆ. ಆದ್ದರಿಂದ ಗೋದಾಮು, ಯಂತ್ರ, ಗಲ್ಲಾಪೆಟ್ಟಿಗೆ ಇವುಗಳಲ್ಲಿ ಯಾವುದನ್ನೂ ತೋರಿಸಿ ಇದರಲ್ಲಿ ಮೂರನೇ ಒಂದು ಭಾಗ ತನ್ನದು ಎಂದು ಪಾಲುದಾರನೊಬ್ಬ ಹೇಳಲಾಗದು. ವ್ಯಾಪಾರ ನಡೆಯುತ್ತಿರುವಾಗ ಅವನಿಗೆ ಸಿಗುವುದು ಲಾಭದ ಪಾಲು. ವಿಸರ್ಜನೆಯಾದ ಮೇಲೆ ಸಾಲಸೋಲವೆಲ್ಲ ತೀರಿ ಉಳಿದ ಹಣದ ಪಾಲು. ಫರ್ಮಿನ ಬಳಿ ಜಮೀನು, ಕಟ್ಟಡ ಇದ್ದರೂ ಪಾಲುದಾರನ ಹಿತಾಸಕ್ತಿ ಚರ ಸ್ವತ್ತೇ ಎಂದು ಸುಪ್ರೀಂ ಕೋರ್ಟ್ 1966ರ ಅಡ್ಡಂಕಿ ನಾರಾಯಣಪ್ಪ ಪ್ರಕರಣದಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ಪಾಲುದಾರನ ಮೂಲ ಹಕ್ಕು ಲೆಕ್ಕದ ಮೇಲಿನದು. ಕಾನೂನು ಕೊಡುವ ಪರಿಹಾರಗಳು ಬಹುಮಟ್ಟಿಗೆ ಆ ಲೆಕ್ಕವನ್ನು ಹೊರಗೆ ತರಿಸುವ ಬೇರೆ ಬೇರೆ ದಾರಿಗಳು.

ಫರ್ಮನ್ನು ಮುರಿಯದೆಯೇ ಪಡೆಯಬಹುದಾದ ಪರಿಹಾರಗಳನ್ನು ಮೊದಲು ನೋಡಬೇಕು. ಪಾಲುದಾರರು ಪರಸ್ಪರ ನ್ಯಾಯವಾಗಿ, ನಿಷ್ಠೆಯಿಂದ ನಡೆದುಕೊಂಡು, ಸರಿಯಾದ ಲೆಕ್ಕವನ್ನೂ ಪೂರ್ತಿ ಮಾಹಿತಿಯನ್ನೂ ಕೊಡಬೇಕೆಂದು 9ನೇ ಕಲಂ ವಿಧಿಸುತ್ತದೆ. ಕಿರ್ದಿ, ಖಾತೆ ಪುಸ್ತಕಗಳನ್ನು ನೋಡುವ, ನಕಲು ಮಾಡಿಕೊಳ್ಳುವ ಹಕ್ಕು 12ನೇ ಕಲಮಿನಿಂದ ಬರುತ್ತದೆ. ದಿನವೂ ಅಂಗಡಿಯಲ್ಲಿ ಕೂರುವವನಿಗೆ ಎಷ್ಟೋ, ಬಂಡವಾಳ ಹಾಕಿ ಊರಿನಲ್ಲಿ ಉಳಿದವನಿಗೂ ಅಷ್ಟೇ. ಫರ್ಮಿನ ಹೆಸರನ್ನೋ ಸಂಪರ್ಕವನ್ನೋ ಬಳಸಿ ಒಬ್ಬ ಸ್ವಂತಕ್ಕೆ ಮಾಡಿಕೊಂಡ ಲಾಭವನ್ನೂ, ಅದೇ ಬಗೆಯ ಪೈಪೋಟಿ ವ್ಯಾಪಾರದಿಂದ ಗಳಿಸಿದ ಲಾಭವನ್ನೂ ಫರ್ಮಿಗೆ ಒಪ್ಪಿಸಬೇಕು ಎಂಬುದು 16ನೇ ಕಲಂ. ಒಬ್ಬನ ವಂಚನೆಯಿಂದ ಫರ್ಮಿಗಾದ ನಷ್ಟವನ್ನು ಅವನೇ ತುಂಬಿಕೊಡಬೇಕು. 10ನೇ ಕಲಮಿನ ಈ ಹೊಣೆಯನ್ನು ಯಾವ ಒಪ್ಪಂದದಿಂದಲೂ ಕಳಚಿಕೊಳ್ಳಲಾಗದು. ಪುಸ್ತಕ ತೋರಿಸದವನ, ಆಡಳಿತದಿಂದ ಹೊರಗಿಟ್ಟವನ ವಿರುದ್ಧ ತಡೆಯಾಜ್ಞೆ ಕೇಳಬಹುದು. ಆದರೆ ಒಟ್ಟಿಗೆ ಕೂತು ವ್ಯಾಪಾರ ಮಾಡಿ ಎಂದು ಆದೇಶಿಸುವುದಕ್ಕೆ ನ್ಯಾಯಾಲಯಗಳು ಹಿಂಜರಿಯುತ್ತವೆ. ಮನಸ್ಸು ಮುರಿದವರನ್ನು ಡಿಕ್ರಿಯಿಂದ ಕೂಡಿಸಲು ಬಾರದು.

ಇಷ್ಟು ಹಕ್ಕುಗಳನ್ನು ಕೊಟ್ಟ ಕಾಯ್ದೆ ಅವುಗಳ ಬಾಗಿಲಿಗೆ ಒಂದು ಬೀಗವನ್ನೂ ಹಾಕಿದೆ. ಅದು 69ನೇ ಕಲಂ. ಉಳಿದ ಕಾಯ್ದೆ 1932ರ ಅಕ್ಟೋಬರ್ 1ರಂದು ಜಾರಿಗೆ ಬಂದರೆ ಇದೊಂದು ಕಲಂ ಮಾತ್ರ ಒಂದು ವರ್ಷ ತಡವಾಗಿ, ಜನ ನೋಂದಣಿ ಮಾಡಿಸಿಕೊಳ್ಳಲಿ ಎಂದು ಕಾಲಾವಕಾಶ ಕೊಟ್ಟು, ಜಾರಿಯಾಯಿತು. ಫರ್ಮು ನೋಂದಣಿಯಾಗಿರದಿದ್ದರೆ, ಅಥವಾ ದಾವೆ ಹೂಡುವವನ ಹೆಸರು ಫರ್ಮುಗಳ ರಿಜಿಸ್ಟರಿನಲ್ಲಿ ಪಾಲುದಾರನೆಂದು ಇರದಿದ್ದರೆ, ಕರಾರಿನಿಂದಲೋ ಕಾಯ್ದೆಯಿಂದಲೋ ಹುಟ್ಟಿದ ಹಕ್ಕನ್ನು ಅವನು ಫರ್ಮಿನ ವಿರುದ್ಧವಾಗಲೀ ಇತರ ಪಾಲುದಾರರ ವಿರುದ್ಧವಾಗಲೀ ದಾವೆಯಿಂದ ಜಾರಿ ಮಾಡಿಸಲಾರ. ಕರ್ನಾಟಕದಲ್ಲಿ ಈ ನೋಂದಣಿ ನಡೆಯುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ. ಪಾಲುದಾರಿಕೆ ಪತ್ರವನ್ನು ಛಾಪಾ ಕಾಗದದ ಮೇಲೆ ಬರೆಸಿ, ನೋಟರಿ ಮುದ್ರೆ ಹಾಕಿಸಿ, ಅದನ್ನು ತೋರಿಸಿ ಬ್ಯಾಂಕಿನಲ್ಲಿ ಖಾತೆ ತೆರೆದು, ಎಲ್ಲವೂ ಮುಗಿಯಿತೆಂದು ನಂಬಿದವರು ಬಹಳ. ನೋಟರಿ ಮುದ್ರೆ ಬೇರೆ, ಫರ್ಮಿನ ನೋಂದಣಿ ಬೇರೆ ಎಂಬುದು ಅವರಿಗೆ ತಿಳಿಯುವುದು ವಕೀಲರ ಕಚೇರಿಯಲ್ಲಿ, ಜಗಳ ಹಣ್ಣಾದ ಮೇಲೆ. ನೋಂದಣಿ ಕಡ್ಡಾಯವಲ್ಲ ಎಂದು ಪಠ್ಯಪುಸ್ತಕಗಳು ಹೇಳುವ ಮಾತು ನಿಜ. ಆದರೆ ಮಾಡಿಸದವನ ಕೈ ಕಟ್ಟಿಹೋಗುತ್ತದೆ ಎಂಬುದೂ ಅಷ್ಟೇ ನಿಜ, ಮತ್ತು ಅದನ್ನು ಮೊದಲ ಮಾತಿನ ಜೊತೆಯಲ್ಲೇ ಹೇಳಬೇಕು.

ಕೈ ಪೂರ್ತಿ ಕಟ್ಟಿಲ್ಲ. ಫರ್ಮಿನ ವಿಸರ್ಜನೆ ಕೇಳುವ ದಾವೆ, ವಿಸರ್ಜನೆಯಾದ ಫರ್ಮಿನ ಲೆಕ್ಕ ಕೇಳುವ ದಾವೆ, ಅದರ ಆಸ್ತಿಯನ್ನು ವಸೂಲು ಮಾಡುವ ಹಕ್ಕು ಈ ಮೂರನ್ನು 69(3)ನೇ ಉಪಕಲಂ ತಡೆಯಿಂದ ಹೊರಗಿಟ್ಟಿದೆ. ನೋಂದಣಿಯಿಲ್ಲದ ಪಾಲುದಾರ ಈ ತಿಂಗಳ ಲಾಭ ಕೊಡಿಸಿ ಎಂದು ಕೇಳಲಾರ. ಫರ್ಮನ್ನೇ ವಿಸರ್ಜಿಸಿ ಲೆಕ್ಕ ತೀರಿಸಿ ಎಂದು ಕೇಳಬಲ್ಲ. ಮಹಾರಾಷ್ಟ್ರ 1984ರಲ್ಲಿ ತಿದ್ದುಪಡಿ ತಂದು ಸಣ್ಣ ಫರ್ಮುಗಳನ್ನು ಬಿಟ್ಟು ಉಳಿದವಕ್ಕೆ ಆ ದಾರಿಯನ್ನೂ ಮುಚ್ಚಿತ್ತು. ಆ ತಿದ್ದುಪಡಿ ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2009ರಲ್ಲಿ ರದ್ದು ಮಾಡಿತು. ಅದು ಸರಿಯಾದ ತೀರ್ಪು. ಕಾಗದದ ಒಂದು ಲೋಪಕ್ಕಾಗಿ ಒಬ್ಬನ ಬಂಡವಾಳವನ್ನೇ ಇನ್ನೊಬ್ಬ ನುಂಗಿ ಕೂರಲು ಕಾನೂನು ನೆರವಾಗಬಾರದು. ಜಗಳ ಎದ್ದ ಮೇಲೆ ನೋಂದಣಿ ಮಾಡಿಸಿ ಆನಂತರ ದಾವೆ ಹೂಡಲು ಅಡ್ಡಿಯಿಲ್ಲ, ಅದಕ್ಕೆ ಎಲ್ಲ ಪಾಲುದಾರರ ಅಥವಾ ಅವರ ಏಜೆಂಟರ ಸಹಿ ಸಿಕ್ಕರೆ. ಆದರೆ ದಾವೆ ಹೂಡಿ ನಂತರ ನೋಂದಣಿ ಮಾಡಿಸಿದರೆ ಆ ದಾವೆ ಉಳಿಯದು. ಕರಾರಿನಿಂದ ಹುಟ್ಟದ, ಬೇರೆ ಕಾನೂನಿನಿಂದ ಬಂದ ಹಕ್ಕಿಗೆ, ಉದಾಹರಣೆಗೆ ಟ್ರೇಡ್‌ಮಾರ್ಕಿಗೆ, ಈ ಬೀಗ ತಾಗದೆಂದು 2000ದ ಹಲ್ದಿರಾಮ್ ಭುಜಿಯಾವಾಲಾ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಕೆಟ್ಟ ಪಾಲುದಾರನನ್ನು ಹೊರಹಾಕುವ ಪ್ರಶ್ನೆ ಈ ನೆಲದಲ್ಲಿ ಬಹಳ ಹಳೆಯದು. ಜಂಟಿ ವ್ಯಾಪಾರಕ್ಕೆ ಧರ್ಮಶಾಸ್ತ್ರಗಳು ‘ಸಂಭೂಯ ಸಮುತ್ಥಾನ’ ಎಂದು ಹೆಸರಿಟ್ಟು ಅದನ್ನು ವ್ಯವಹಾರದ ಹದಿನೆಂಟು ಪದಗಳಲ್ಲಿ, ಅಂದರೆ ವ್ಯಾಜ್ಯದ ವರ್ಗಗಳಲ್ಲಿ, ಒಂದಾಗಿ ಎಣಿಸಿವೆ. ಕೂಡಿ ವ್ಯಾಪಾರ ಮಾಡುವವರು ಹಾಕಿದ ಬಂಡವಾಳದಂತೆ ಅಥವಾ ಮಾಡಿಕೊಂಡ ಒಪ್ಪಂದದಂತೆ ಲಾಭನಷ್ಟ ಹಂಚಿಕೊಳ್ಳಬೇಕು, ಮೋಸ ಮಾಡಿದವನನ್ನು ಲಾಭ ಕೊಡದೆ ಬಿಟ್ಟುಬಿಡಬೇಕು ಎಂಬುದು ಯಾಜ್ಞವಲ್ಕ್ಯ ಸ್ಮೃತಿಯ ವಿಧಿ. ಅದಕ್ಕೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ಈಗಿನ ಕಾಯ್ದೆ ಅಷ್ಟು ಸುಲಭವಾಗಿ ಹೊರಹಾಕಲು ಬಿಡುವುದಿಲ್ಲ. ಬಹುಮತವಿದೆ ಎಂಬ ಒಂದೇ ಬಲದಿಂದ ಪಾಲುದಾರನನ್ನು ತೆಗೆಯುವಂತಿಲ್ಲ. ಪಾಲುದಾರಿಕೆ ಪತ್ರದಲ್ಲಿ ಆ ಅಧಿಕಾರ ಬರೆದಿರಬೇಕು, ಅದನ್ನು ಸದ್ಭಾವನೆಯಿಂದ ಚಲಾಯಿಸಿರಬೇಕು ಎನ್ನುತ್ತದೆ 33ನೇ ಕಲಂ. ಬೀಗದ ಕೈ ಬದಲಿಸಿ, ಬ್ಯಾಂಕಿಗೆ ಪತ್ರ ಬರೆದು ‘ಇವರು ಈಗ ಪಾಲುದಾರರಲ್ಲ’ ಎಂದು ತಿಳಿಸಿದ ಮಾತ್ರಕ್ಕೆ ಯಾರ ಪಾಲುದಾರಿಕೆಯೂ ಹೋಗುವುದಿಲ್ಲ.

ತಾನಾಗಿ ಹೊರನಡೆಯುವವನಿಗೆ 32ನೇ ಕಲಂ ಇದೆ. ಎಲ್ಲರ ಒಪ್ಪಿಗೆಯಿಂದ, ಪತ್ರದಲ್ಲಿ ಹೇಳಿದ ರೀತಿಯಿಂದ, ಅಥವಾ ಅವಧಿ ಗೊತ್ತುಮಾಡದ ಪಾಲುದಾರಿಕೆಯಾದರೆ ಲಿಖಿತ ನೋಟೀಸಿನಿಂದ ನಿವೃತ್ತಿ ಪಡೆಯಬಹುದು. ಅವನ ಲೆಕ್ಕ ತೀರಿಸದೆ ಉಳಿದವರು ವ್ಯಾಪಾರ ಮುಂದುವರಿಸಿದರೆ ಅವನ ಮುಂದೆ ಎರಡು ಆಯ್ಕೆ: ತನ್ನ ಪಾಲಿನ ಆಸ್ತಿಯ ಬಳಕೆಯಿಂದ ಬಂದ ಲಾಭ, ಇಲ್ಲವೇ ಆ ಪಾಲಿನ ಮೇಲೆ ವರ್ಷಕ್ಕೆ ಶೇಕಡ 6ರ ಬಡ್ಡಿ. ತೀರಿಕೊಂಡ ಪಾಲುದಾರನ ವಾರಸುದಾರರಿಗೂ 37ನೇ ಕಲಮಿನ ಈ ಆಯ್ಕೆ ಇದೆ. ಗಂಡ ತೀರಿಕೊಂಡ ಮೇಲೆ ಅವನ ಪಾಲುದಾರರು ‘ವ್ಯಾಪಾರದಲ್ಲಿ ಏನೂ ಉಳಿದಿಲ್ಲ’ ಎಂದು ಹೇಳಿ ಕಳಿಸುವ ಹೆಣ್ಣುಮಕ್ಕಳಿಗೆ ಇದು ತಿಳಿದಿರಬೇಕಾದ ಸಂಗತಿ. ಇಬ್ಬರೇ ಇದ್ದ ಫರ್ಮಿನಲ್ಲಿ ಒಬ್ಬ ಸತ್ತರೆ ಅಥವಾ ನಿವೃತ್ತನಾದರೆ ಫರ್ಮೇ ವಿಸರ್ಜನೆಯಾದಂತೆ. ಪಾಲುದಾರಿಕೆಗೆ ಇಬ್ಬರಾದರೂ ಬೇಕು. 2020ರ ಗುರುನಾನಕ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಸ್ಪಷ್ಟಪಡಿಸಿತು.

ವಿಸರ್ಜನೆ ಪಾಲುದಾರರ ಒಪ್ಪಿಗೆಯಿಂದ ಆಗಬಹುದು. ಅವಧಿ ಗೊತ್ತುಮಾಡದ ಪಾಲುದಾರಿಕೆಯಲ್ಲಿ 43ನೇ ಕಲಮಿನಂತೆ ಒಬ್ಬನ ನೋಟೀಸಿನಿಂದಲೂ ಆಗಬಹುದು. ನೋಟೀಸು ಲಿಖಿತವಾಗಿರಬೇಕು, ಉಳಿದ ಎಲ್ಲರಿಗೂ ತಲುಪಬೇಕು. ಸಿಟ್ಟಿನಲ್ಲಿ ‘ನಿನ್ನ ಸಹವಾಸ ಸಾಕು’ ಎಂದದ್ದು ನೋಟೀಸಾಗುವುದಿಲ್ಲ. ಅವಧಿ ಗೊತ್ತಿರುವ ಪಾಲುದಾರಿಕೆಯಲ್ಲಿ ಒಪ್ಪಿಗೆ ಸಿಗದಾಗ ನ್ಯಾಯಾಲಯಕ್ಕೇ ಹೋಗಬೇಕು. ಚಿತ್ತಸ್ವಾಸ್ಥ್ಯ ತಪ್ಪುವುದು, ಶಾಶ್ವತ ಅಸಮರ್ಥತೆ, ವ್ಯಾಪಾರಕ್ಕೆ ಪೆಟ್ಟಾಗುವಂಥ ದುರ್ನಡತೆ, ಒಪ್ಪಂದವನ್ನು ಮತ್ತೆ ಮತ್ತೆ ಮುರಿಯುವುದು, ತನ್ನ ಪೂರ್ತಿ ಪಾಲನ್ನು ಹೊರಗಿನವರಿಗೆ ವರ್ಗಾಯಿಸುವುದು, ನಷ್ಟವಿಲ್ಲದೆ ವ್ಯಾಪಾರ ನಡೆಸಲಾಗದ ಸ್ಥಿತಿ ಇವನ್ನು 44ನೇ ಕಲಂ ಹೆಸರಿಸುತ್ತದೆ. ಕೊನೆಗೆ ‘ನ್ಯಾಯಯುತವೂ ಸಮಂಜಸವೂ’ ಎನಿಸುವ ಬೇರೆ ಯಾವುದೇ ಕಾರಣಕ್ಕೂ ವಿಸರ್ಜಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡುತ್ತದೆ. ಪರಸ್ಪರ ನಂಬಿಕೆ ಪೂರ್ತಿ ಹೋದ ಪ್ರಕರಣಗಳು ಸಾಮಾನ್ಯವಾಗಿ ಈ ಕೊನೆಯ ಆಧಾರದ ಮೇಲೆ ನಿಲ್ಲುತ್ತವೆ.

ಈ ದಾವೆಯ ನಡೆ ಬೇರೆ ದಾವೆಗಳಂತಲ್ಲ. ವಾದಿ ಇಂತಿಷ್ಟು ಹಣ ಬರಬೇಕೆಂದು ಖಚಿತವಾಗಿ ಹೇಳಲಾರ. ಪುಸ್ತಕಗಳು ಎದುರಾಳಿಯ ಕಪಾಟಿನಲ್ಲಿರುತ್ತವೆ. ಅದಕ್ಕಾಗಿ ಅವನು ತನ್ನ ಪಾಲನ್ನು ಅಂದಾಜು ಮಾಡಿ ಅದರ ಮೇಲೆ ಕೋರ್ಟ್ ಶುಲ್ಕ ಕಟ್ಟುತ್ತಾನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶದ 15ನೇ ನಿಯಮದಂತೆ ನ್ಯಾಯಾಲಯ ಮೊದಲು ಪ್ರಾಥಮಿಕ ಡಿಕ್ರಿ ಕೊಡಬಹುದು: ಯಾರ ಪಾಲು ಎಷ್ಟು, ಫರ್ಮು ಯಾವ ದಿನ ವಿಸರ್ಜನೆಯಾಯಿತು ಅಥವಾ ಆಗಬೇಕು, ಲೆಕ್ಕ ಹೇಗೆ ತೆಗೆಯಬೇಕು. ಆಮೇಲೆ ನೇಮಕವಾದ ಕಮಿಷನರ್ ಪುಸ್ತಕ, ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ತರಿಸಿ ಲೆಕ್ಕ ಕಟ್ಟುತ್ತಾನೆ. ಅವನ ವರದಿಗೆ ಬಂದ ಆಕ್ಷೇಪಣೆಗಳನ್ನು ಕೇಳಿ ಅಂತಿಮ ಡಿಕ್ರಿಯಾಗುತ್ತದೆ. ಇದು ಮುಗಿಯುವಷ್ಟರಲ್ಲಿ ಸರಕು ಮಾರಿಹೋಗಬಾರದು, ಖಾತೆ ಬರಿದಾಗಬಾರದು. ಅದಕ್ಕೆ 39ನೇ ಆದೇಶದ ತಡೆಯಾಜ್ಞೆಯೂ 40ನೇ ಆದೇಶದ ರಿಸೀವರ್ ನೇಮಕವೂ ಇವೆ. ರಿಸೀವರ್ ಬಂದರೆ ವ್ಯಾಪಾರದ ಹೆಸರು ಮಾರುಕಟ್ಟೆಯಲ್ಲಿ ಇಳಿಯುತ್ತದೆ, ಗುಡ್‌ವಿಲ್ ಕರಗುತ್ತದೆ. ಆದ್ದರಿಂದ ಪುಸ್ತಕಗಳನ್ನು ಕೂಡಲೇ ನ್ಯಾಯಾಲಯಕ್ಕೆ ಹಾಜರುಪಡಿಸಿ ನಕಲು ಮಾಡಿಸುವುದೇ ಎಷ್ಟೋ ಪ್ರಕರಣಗಳಲ್ಲಿ ಹೆಚ್ಚು ಉಪಯುಕ್ತ ಮಧ್ಯಂತರ ಆದೇಶ. ಕಾಲಮಿತಿಯನ್ನಂತೂ ಮರೆಯುವಂತಿಲ್ಲ. ವಿಸರ್ಜಿತ ಫರ್ಮಿನ ಲೆಕ್ಕ ಮತ್ತು ಲಾಭದ ಪಾಲಿನ ದಾವೆಗೆ 1963ರ ಕಾಲಮಿತಿ ಕಾಯ್ದೆಯ 5ನೇ ಅನುಚ್ಛೇದ ಕೊಡುವುದು ವಿಸರ್ಜನೆಯ ದಿನದಿಂದ ಮೂರು ವರ್ಷ. ಹಿರಿಯರ ಮುಂದೆ ಮಾತುಕತೆ ನಡೆಯುತ್ತಿತ್ತು ಎಂಬ ಕಾರಣಕ್ಕೆ ಆ ಗಡಿಯಾರ ನಿಲ್ಲುವುದಿಲ್ಲ.

ಲೆಕ್ಕ ತೀರಿಸುವ ಕ್ರಮ ಪಾಲುದಾರಿಕೆ ಕಾಯ್ದೆಯ 48ನೇ ಕಲಮಿನಲ್ಲಿದೆ. ಅದು ನಡೆಯುವ ಬಗೆಯನ್ನು ಒಂದು ಕಲ್ಪಿತ ಅಡಿಕೆ ಮಂಡಿಯ ಲೆಕ್ಕದಲ್ಲಿ ನೋಡಬಹುದು. ಮೂವರು ಪಾಲುದಾರರು. ಮೊದಲನೆಯವನ ಬಂಡವಾಳ 30 ಲಕ್ಷ, ಎರಡನೆಯವನದು 12 ಲಕ್ಷ. ಮೂರನೆಯವ ಹಣ ಹಾಕಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಮಂಡಿಯಲ್ಲಿ ದುಡಿದವನು ಅವನೇ. ಪತ್ರದಲ್ಲಿ ಪಾಲಿನ ಪ್ರಮಾಣ ಬರೆದಿಲ್ಲ. ನಡುವೆ ಮೊದಲನೆಯವ ಬಂಡವಾಳಕ್ಕೆ ಹೊರತಾಗಿ 6 ಲಕ್ಷ ಮುಂಗಡವನ್ನೂ ಕೊಟ್ಟಿದ್ದ. ವಿಸರ್ಜನೆಯಾಗಿ ಎಲ್ಲವನ್ನೂ ಮಾರಿದಾಗ ಬಂದದ್ದು 60 ಲಕ್ಷ. ಹೊರಗಿನ ಸಾಲ 36 ಲಕ್ಷ ಮೊದಲು ತೀರಬೇಕು. ಉಳಿದ 24ರಲ್ಲಿ, ಬಡ್ಡಿಯ ಮಾತು ಸದ್ಯ ಬಿಟ್ಟರೆ, 6 ಲಕ್ಷ ಮುಂಗಡ ಮರಳಬೇಕು. ಉಳಿದದ್ದು 18 ಲಕ್ಷ. ಹಿಂತಿರುಗಬೇಕಾದ ಬಂಡವಾಳ 42 ಲಕ್ಷ. ಅಂದರೆ ನಷ್ಟ 24 ಲಕ್ಷ. ಒಪ್ಪಂದ ಬೇರೆ ಹೇಳದಿದ್ದರೆ ಲಾಭನಷ್ಟಗಳೆರಡೂ ಸಮಪಾಲು ಎಂಬುದು 13ನೇ ಕಲಂ, ಬಂಡವಾಳ ಎಷ್ಟೇ ಇರಲಿ. ತಲೆಗೆ 8 ಲಕ್ಷ. ಮೊದಲನೆಯವನಿಗೆ ಬಂಡವಾಳದಲ್ಲಿ 22 ಲಕ್ಷ ಮರಳುತ್ತದೆ, ಎರಡನೆಯವನಿಗೆ 4 ಲಕ್ಷ. ಆ 26 ಲಕ್ಷ ಹೊಂದುವುದು ಮೂರನೆಯವ ತನ್ನ ಕೈಯಿಂದ 8 ಲಕ್ಷ ತಂದಾಗ. ವರ್ಷಗಟ್ಟಲೆ ದುಡಿದವನಿಗೆ ಸಂಬಳವೂ ಇಲ್ಲ. ಒಪ್ಪಂದವಿಲ್ಲದೆ ಪಾಲುದಾರನಿಗೆ ಸಂಭಾವನೆ ಇಲ್ಲವೆಂದು ಅದೇ 13ನೇ ಕಲಂ ಹೇಳುತ್ತದೆ. ‘ದುಡ್ಡು ಇವರದು, ದುಡಿಮೆ ಅವನದು’ ಎಂದು ಬಾಯಿಮಾತಿನಲ್ಲಿ ಶುರುವಾಗುವ ಪಾಲುದಾರಿಕೆಯಲ್ಲಿ ದುಡಿಯುವವನಿಗೆ ಇರುವ ಅಪಾಯ ಇದು. ಪತ್ರದಲ್ಲಿ ಎರಡು ಸಾಲು ಬರೆದಿದ್ದರೆ, ಒಂದು ಸಂಬಳಕ್ಕೆ, ಒಂದು ನಷ್ಟದ ಪಾಲಿಗೆ, ಆ 8 ಲಕ್ಷದ ಹೊರೆ ಅವನ ಮೇಲೆ ಬೀಳುತ್ತಿರಲಿಲ್ಲ.

ಪಾಲುದಾರಿಕೆ ಪತ್ರಗಳಲ್ಲಿ ಈಗ ಆರ್ಬಿಟ್ರೇಷನ್ ಷರತ್ತು ಸಾಮಾನ್ಯ. ಅದಕ್ಕೂ ರಾಜಿ ಸಂಧಾನಕ್ಕೂ ಕನ್ನಡದಲ್ಲಿ ಮಧ್ಯಸ್ಥಿಕೆ ಎಂಬ ಒಂದೇ ಪದ ಬಳಕೆಯಾಗಿ ಗೊಂದಲವಾಗುವುದುಂಟು. ಆರ್ಬಿಟ್ರೇಟರ್ ಕೊಡುವುದು ತೀರ್ಪು, ಡಿಕ್ರಿಯಂತೆಯೇ ಜಾರಿಯಾಗುವಂಥದು. ಸಂಧಾನಕಾರ ಮಾಡಿಸುವುದು ಒಪ್ಪಂದ. ಷರತ್ತು ಇದ್ದಾಗ ಒಬ್ಬ ನ್ಯಾಯಾಲಯಕ್ಕೆ ಹೋದರೂ ಎದುರಾಳಿ 1996ರ ಆರ್ಬಿಟ್ರೇಷನ್ ಮತ್ತು ಕನ್ಸಿಲಿಯೇಷನ್ ಕಾಯ್ದೆಯ 8ನೇ ಕಲಮಿನಡಿ ವ್ಯಾಜ್ಯವನ್ನು ಅಲ್ಲಿಗೆ ಕಳಿಸುವಂತೆ ಕೇಳಬಹುದು. ತುರ್ತು ರಕ್ಷಣೆಗೆ 9ನೇ ಕಲಂ ಇದೆ; ಆರ್ಬಿಟ್ರೇಷನ್ ಶುರುವಾಗುವ ಮೊದಲೇ ಅಂಥ ಆದೇಶ ಪಡೆದವನು 90 ದಿನದೊಳಗೆ ಅದನ್ನು ಆರಂಭಿಸಬೇಕು. ಷರತ್ತು ಸಾಕಷ್ಟು ವಿಶಾಲವಾಗಿದ್ದರೆ ನ್ಯಾಯಯುತ, ಸಮಂಜಸ ಎಂಬ ಆಧಾರದ ಮೇಲೆ ಫರ್ಮನ್ನು ವಿಸರ್ಜಿಸುವ ಅಧಿಕಾರವೂ ಆರ್ಬಿಟ್ರೇಟರಿಗೆ ಇದೆಯೆಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿದೆ. ಎಲ್ಲರ ಪರವಾಗಿ ಫರ್ಮಿನ ವ್ಯಾಜ್ಯವನ್ನು ಆರ್ಬಿಟ್ರೇಷನ್‌ಗೆ ಒಪ್ಪಿಸುವ ಅಧಿಕಾರ ಮಾತ್ರ ಒಬ್ಬ ಪಾಲುದಾರನಿಗೆ ತಾನಾಗಿ ಬರುವುದಿಲ್ಲ. ಪಾಲುದಾರಿಕೆ ಕಾಯ್ದೆಯ 19ನೇ ಕಲಂ ಅದನ್ನು ಹೊರಗಿಟ್ಟಿದೆ.

ವಂಚನೆಯ ಆರೋಪವಿದ್ದರೆ ಆರ್ಬಿಟ್ರೇಷನ್ ಸಾಧ್ಯವೇ ಎಂಬ ಪ್ರಶ್ನೆ ಬಹಳ ಕಾಲ ಕಾಡಿತು. ಅದಕ್ಕೆ ಉತ್ತರ ಬಂದದ್ದು ತಿರುನೆಲ್ವೇಲಿಯ ಒಂದು ಹೋಟೆಲಿನ ಜಗಳದಿಂದ. ತಂದೆ ಮತ್ತು ಐವರು ಮಕ್ಕಳ ಪಾಲುದಾರಿಕೆ ಅದು. ತಂದೆ 2009ರಲ್ಲಿ ತೀರಿಕೊಂಡ ಮೇಲೆ ಹಿರಿಯ ಮಗ ಆಡಳಿತ ವಹಿಸಿಕೊಂಡ. ದಿನದ ವಸೂಲಿಯನ್ನು ಬ್ಯಾಂಕಿಗೆ ಕಟ್ಟಲಿಲ್ಲ, ಹೋಟೆಲಿನ ಖಾತೆಯಿಂದ 10 ಲಕ್ಷಕ್ಕೂ ಮೀರಿದ ಚೆಕ್ಕನ್ನು ತನ್ನ ಮಗನ ಹೆಸರಿಗೆ ಬರೆದ ಎಂದು ತಮ್ಮಂದಿರು ಆರೋಪಿಸಿ ಸಿವಿಲ್ ದಾವೆ ಹೂಡಿದರು. ಪತ್ರದಲ್ಲಿ ಆರ್ಬಿಟ್ರೇಷನ್ ಷರತ್ತಿತ್ತು. ವಂಚನೆಯ ವಿಚಾರಣೆ ನ್ಯಾಯಾಲಯದಲ್ಲೇ ಆಗಬೇಕೆಂದು ಕೆಳ ನ್ಯಾಯಾಲಯವೂ ಮದ್ರಾಸ್ ಹೈಕೋರ್ಟೂ ಹೇಳಿದವು. 2016ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಪಾಲುದಾರರ ಒಳಗಿನ ಲೆಕ್ಕಕ್ಕೆ ಸಂಬಂಧಿಸಿದ ಇಂಥ ಸರಳ ಆರೋಪವನ್ನು ಆರ್ಬಿಟ್ರೇಟರ್ ವಿಚಾರಿಸಬಹುದು. ಇಡೀ ಕರಾರನ್ನೇ ವ್ಯಾಪಿಸಿದ, ಖೊಟ್ಟಿ ದಾಖಲೆಯಂಥ ಗಂಭೀರ ವಂಚನೆಯಾದರೆ ಮಾತ್ರ ನ್ಯಾಯಾಲಯ ಎಂದಿತು. ಅಣ್ಣತಮ್ಮಂದಿರ ಜಗಳದಲ್ಲಿ ವಂಚನೆ ಎಂಬ ಪದ ಬಾರದ ದಾವಾಪತ್ರ ಅಪರೂಪ. ಪದವಿದ್ದ ಮಾತ್ರಕ್ಕೆ ಷರತ್ತು ಸತ್ತುಹೋಗುವುದಾದರೆ ಷರತ್ತು ಬರೆದೂ ಫಲವಿರಲಿಲ್ಲ.

ಷರತ್ತಿಲ್ಲದ ಕಡೆ ದಾವೆ ಸಾಮಾನ್ಯವಾಗಿ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಪಾಲುದಾರಿಕೆ ಒಪ್ಪಂದದ ವ್ಯಾಜ್ಯವನ್ನು ವಾಣಿಜ್ಯ ವ್ಯಾಜ್ಯವೆಂದೇ ಎಣಿಸಿದೆ. ಮೊದಲು 1 ಕೋಟಿ ಇದ್ದ ಮೌಲ್ಯದ ಮಿತಿ 2018ರಲ್ಲಿ 3 ಲಕ್ಷಕ್ಕೆ ಇಳಿದದ್ದರಿಂದ ಸಣ್ಣ ಊರಿನ ಅಂಗಡಿಯ ಜಗಳವೂ ಇದರೊಳಗೆ ಬಂದಿದೆ. ಇಲ್ಲಿ ಲಿಖಿತ ಹೇಳಿಕೆಗೆ ಸಮನ್ಸ್ ತಲುಪಿದ ದಿನದಿಂದ 120 ದಿನದ ಕೊನೆಯ ಗಡುವು ಬಿಗಿಯಾಗಿದೆ. ತುರ್ತು ಪರಿಹಾರ ಕೇಳದ ದಾವೆಯಲ್ಲಿ ಮೊದಲು 12ಎ ಕಲಮಿನ ಸಂಧಾನಕ್ಕೆ ಹೋಗಲೇಬೇಕು. ಹೋಗದ ದಾವೆ ತಿರಸ್ಕೃತವಾಗುತ್ತದೆಂದು ಸುಪ್ರೀಂ ಕೋರ್ಟ್ 2022ರ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಖಚಿತಪಡಿಸಿದೆ. ಪಾಲುದಾರರ ಮಟ್ಟಿಗೆ ಈ ಕಡ್ಡಾಯ ಒಳ್ಳೆಯದೇ. ಯಾರು ಅಂಗಡಿ ಇಟ್ಟುಕೊಳ್ಳುವುದು, ಯಾರು ಹಣ ತೆಗೆದುಕೊಳ್ಳುವುದು, ಹಳೆಯ ಗಿರಾಕಿಗಳು ಯಾರ ಕಡೆಗೆ ಎಂಬುದನ್ನೆಲ್ಲ ಸಂಧಾನದ ಮೇಜಿನಲ್ಲಿ ಬಗೆಹರಿಸಿದಷ್ಟು ನಯವಾಗಿ ಡಿಕ್ರಿಯಲ್ಲಿ ಬಗೆಹರಿಸಲಾಗದು.

ಬಹಳ ಜನ ಮೊದಲು ಹೋಗುವುದು ಪೊಲೀಸ್ ಠಾಣೆಗೆ. ಅಲ್ಲಿ ಸಿಗುವುದು ಕಡಿಮೆ. ನಂಬಿಕೆದ್ರೋಹದ ಅಪರಾಧಕ್ಕೆ ಆಸ್ತಿಯನ್ನು ಇನ್ನೊಬ್ಬನ ವಶಕ್ಕೆ ನಂಬಿ ಒಪ್ಪಿಸಿರಬೇಕು. ಪಾಲುದಾರನಾದರೋ ಫರ್ಮಿನ ಆಸ್ತಿಯನ್ನು ಪಾಲುದಾರನೆಂಬ ತನ್ನ ಹಕ್ಕಿನಿಂದಲೇ ಹಿಡಿದಿರುತ್ತಾನೆ. ವಿಶೇಷ ಒಪ್ಪಂದದಿಂದ ನಿರ್ದಿಷ್ಟ ಆಸ್ತಿಯನ್ನು ಅವನಿಗೆ ಒಪ್ಪಿಸಿರದಿದ್ದರೆ ಅಪರಾಧ ನಿಲ್ಲದೆಂದು 1965ರ ವೇಲ್ಜಿ ರಾಘವಜಿ ಪ್ರಕರಣದಲ್ಲಿ ತೀರ್ಮಾನವಾಯಿತು. ಭಾರತೀಯ ದಂಡ ಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದರೂ 316ನೇ ಕಲಮಿನಲ್ಲಿ ಆ ಅಪರಾಧದ ಲಕ್ಷಣ ಅದೇ ಇದೆ. ಖೊಟ್ಟಿ ಸಹಿ, ಸುಳ್ಳು ದಾಖಲೆ, ಮೊದಲಿನಿಂದಲೇ ಮೋಸದ ಉದ್ದೇಶದಿಂದ ಬಂಡವಾಳ ಹಾಕಿಸಿದ್ದು, ಇತ್ಯರ್ಥಕ್ಕೆಂದು ಕೊಟ್ಟ ಚೆಕ್ಕು ಅಮಾನ್ಯವಾದದ್ದು ಇವುಗಳ ಮಾತು ಬೇರೆ. ಅಲ್ಲಿ ಫಿರ್ಯಾದು ಸರಿಯಾದ ದಾರಿ. ಬರೀ ಲೆಕ್ಕದ ಜಗಳಕ್ಕೆ ಠಾಣೆ ಹತ್ತಿದವರು ಅಲ್ಲಿ ಕಳೆಯುವ ತಿಂಗಳುಗಳು ಆ ಮೂರು ವರ್ಷದ ಕಾಲಮಿತಿಯಿಂದಲೇ ಕಡಿತವಾಗುತ್ತವೆ.

ಪಾಲುದಾರಿಕೆಯ ರೂಪ ಬದಲಾದರೆ ವೇದಿಕೆಯೂ ಬದಲಾಗುತ್ತದೆ. 2008ರ ಕಾಯ್ದೆಯ ಸೀಮಿತ ಹೊಣೆ ಪಾಲುದಾರಿಕೆಗೆ, ಅಂದರೆ ಎಲ್‌ಎಲ್‌ಪಿಗೆ, ಸ್ವಂತ ವ್ಯಕ್ತಿತ್ವವಿದೆ. ಪಾಲುದಾರ ಸತ್ತರೂ ಅದು ಉಳಿಯುತ್ತದೆ. ಒಪ್ಪಂದ ಮೌನವಾಗಿದ್ದರೆ ಅದರ ಮೊದಲ ಅನುಸೂಚಿ ಪಾಲುದಾರರ ವ್ಯಾಜ್ಯವನ್ನು ಆರ್ಬಿಟ್ರೇಷನ್‌ಗೇ ಕಳಿಸುತ್ತದೆ. ಸಮಾಪನ ಕೇಳುವವರು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬೇಕು. ಕರ್ನಾಟಕದವರಿಗೆ ಅದರ ಬೆಂಗಳೂರು ಪೀಠ. ಇಬ್ಬರು ಮೂವರು ಸ್ನೇಹಿತರು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡಿದ್ದರೆ ದಮನ ಮತ್ತು ದುರಾಡಳಿತದ ವಿರುದ್ಧ 2013ರ ಕಂಪನಿ ಕಾಯ್ದೆಯ 241ನೇ ಕಲಮಿನಡಿ ಅದೇ ನ್ಯಾಯಮಂಡಳಿಯ ಮೊರೆ ಹೋಗಬಹುದು.

ತೀರ್ಪಿನಿಂದಾಗಲಿ ರಾಜಿಯಿಂದಾಗಲಿ ಫರ್ಮು ಮುಗಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ ಹಳೆಯ ಪಾಲುದಾರರ ಕೃತ್ಯಕ್ಕೆ ಉಳಿದವರು ಹೊರಗಿನವರಿಗೆ ಹೊಣೆಯಾಗಿಯೇ ಇರುತ್ತಾರೆಂದು ಪಾಲುದಾರಿಕೆ ಕಾಯ್ದೆಯ 45ನೇ ಕಲಂ ಹೇಳುತ್ತದೆ. ನೋಂದಾಯಿತ ಫರ್ಮಾದರೆ ರಿಜಿಸ್ಟ್ರಾರರಿಗೆ ನೋಟೀಸು, ರಾಜ್ಯಪತ್ರದಲ್ಲಿ ಪ್ರಕಟಣೆ, ಫರ್ಮು ಇದ್ದ ಜಿಲ್ಲೆಯಲ್ಲಿ ಓದುಗರಿರುವ ಸ್ಥಳೀಯ ಭಾಷೆಯ ಒಂದು ಪತ್ರಿಕೆಯಲ್ಲಿ ಪ್ರಕಟಣೆ, ಇದು 72ನೇ ಕಲಮಿನ ಕ್ರಮ. ಕನ್ನಡ ದಿನಪತ್ರಿಕೆಯ ಒಳಪುಟದಲ್ಲಿ ಬೆರಳಗಲದಲ್ಲಿ ಅಚ್ಚಾಗುವ ಆ ನಾಲ್ಕು ಸಾಲು ಬಂದ ಮೇಲೆ ಹಳೆಯ ಪಾಲುದಾರ ಫರ್ಮಿನ ಹೆಸರಿನಲ್ಲಿ ಮಾಡುವ ಹೊಸ ಸಾಲ ಉಳಿದವರ ಮೇಲೆ ಬೀಳುವುದಿಲ್ಲ.